ಡೇರೆಯ ಮನೆತನ, ಬೋನಿನ ಹುಲಿ

ಊರೂರು ತಿರುಗುವ ಪ್ರಾಣಿ ಸರ್ಕಸ್ ಭಾರತದಲ್ಲಿ ಮೊದಲಿನಿಂದಲೂ ಮನೆತನದ ಕಸುಬು. ಅಣ್ಣ ಕುದುರೆ ಪಳಗಿಸಿದರೆ ತಮ್ಮ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ; ಹೆಂಡತಿ ತೂಗುಯ್ಯಾಲೆಯ ಮೇಲೆ ಆಡುತ್ತಿದ್ದಳು; ಸೋದರಮಾವನ ಡೇರೆಯಲ್ಲಿ ಅಳಿಯ ಹುಲಿಯ ಬೋನು ಹೊಕ್ಕು ವಿದ್ಯೆ ಕಲಿಯುತ್ತಿದ್ದ. 1880ರಲ್ಲಿ ಮುಂಬೈಯಲ್ಲಿ ಶುರುವಾದ ಈ ಕಸುಬಿನಿಂದ ಹುಲಿ, ಸಿಂಹ, ಕರಡಿಗಳನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಶಾಶ್ವತವಾಗಿ ಹೊರಗಿಟ್ಟಿತು. ನಡುವಿನ 120 ವರ್ಷಗಳಲ್ಲಿ ಡೇರೆ ದೇಶದ ಮೂಲೆಮೂಲೆಯನ್ನೂ ಮುಟ್ಟಿತ್ತು. ಅದು ಮುಟ್ಟಿದ ಸೀಮೆಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬವೂ ಸೇರಿವೆ.

ಈ ಎರಡು ತಾಲ್ಲೂಕುಗಳು ಸರ್ಕಸ್ಸಿನ ದೊಡ್ಡ ದಾರಿಯ ಮೇಲೆ ಬರುವುದಿಲ್ಲ. ಆನೆ, ಕುದುರೆ, ಬೋನು, ಕಂಬ, ಕ್ಯಾನ್ವಾಸ್ ಎಲ್ಲವನ್ನೂ ಹೊತ್ತ ದೊಡ್ಡ ಕಂಪನಿಗಳು ರೈಲನ್ನೇ ನಂಬಿದ್ದವು. ಶಿವಮೊಗ್ಗಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ರೈಲು ಆಮೇಲೆ ಸಾಗರದ ಮೇಲೆ ಹಾದು ತಾಳಗುಪ್ಪದವರೆಗೆ ಹೋಯಿತು. ಶಿಕಾರಿಪುರಕ್ಕೂ ಸೊರಬಕ್ಕೂ ತಿರುಗಲಿಲ್ಲ. ಹಾಗಾಗಿ ಇಲ್ಲಿಯ ಜನಕ್ಕೆ ದೊಡ್ಡ ಡೇರೆ ಎಂದರೆ ಜಾತ್ರೆಯ ಡೇರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆ, ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿ ಜಾತ್ರೆ ಸರ್ಕಸ್, ನಾಟಕ ಕಂಪನಿ, ತೊಟ್ಟಿಲುಗಳನ್ನು ಸೆಳೆಯುವ ಹಬ್ಬಗಳು. ಸೊರಬದಿಂದ ಎರಡೂ ಊರು ಹತ್ತಿರ. ಲಾರಿಯಲ್ಲಿ ಸಾಮಾನು ಹೇರಿಕೊಂಡು ಬರುವ ಸಣ್ಣ ಕಂಪನಿಗಳಿಗೆ ಮಾತ್ರ ತಾಲ್ಲೂಕು ಕೇಂದ್ರಗಳ ಬಯಲು ಸಾಕಾಗುತ್ತಿತ್ತು. ಅದಕ್ಕೂ ಕಾಲ ನೋಡಬೇಕು. ಮಳೆಗಾಲದಲ್ಲಿ ಇಲ್ಲಿ ಗೂಟ ನಿಲ್ಲುವುದಿಲ್ಲ. ಭತ್ತದ ಕೊಯ್ಲು ಮುಗಿದು, ಗದ್ದೆ ಒಣಗಿ, ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತೇ ಡೇರೆಯ ಹಂಗಾಮು. ಚೈತ್ರದ ಹುಣ್ಣಿಮೆಗೆ ನಡೆಯುವ ಶಿಕಾರಿಪುರದ ಹುಚ್ಚರಾಯಸ್ವಾಮಿ ತೇರು ಬೀಳುವುದೂ ಆ ಹಂಗಾಮಿನಲ್ಲೇ.

ಡೇರೆ ಬರುವ ಮೊದಲೂ ಅಲೆಮಾರಿ ಕಲಾವಿದರಾಗಲಿ ಪ್ರಾಣಿಯ ಆಟವಾಗಲಿ ಈ ನೆಲಕ್ಕೆ ಹೊಸತಾಗಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ, ಬಡವರು, ಕುರುಡರು, ಕಿವುಡರ ಜೊತೆಗೆ ಹಾಡುವವರಿಗೂ ವಾದ್ಯ ನುಡಿಸುವವರಿಗೂ ಮಠದಲ್ಲಿ ಅನ್ನ ದೊರೆಯುತ್ತಿತ್ತೆಂದು ಹೇಳುತ್ತದೆ. ಕಲೆಯನ್ನೇ ನಂಬಿ ಅಲೆಯುವ ಜನ ಆಗಲೇ ಇದ್ದರು, ಅವರಿಗೆ ಊಟ ಇಡುವುದು ಧರ್ಮದ ಕೆಲಸ ಎನಿಸಿಕೊಂಡಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಶಿಯಾದ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯಲ್ಲಿ ಕಂಡ ಆನೆಯಾಟವನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಕಂಬದ ಮೇಲೆ ತಕ್ಕಡಿಯಂತೆ ಕೂರಿಸಿದ ತೊಲೆ. ಒಂದು ತುದಿಯಲ್ಲಿ ಆನೆಯ ತೂಕದ ಕಲ್ಲು, ಇನ್ನೊಂದು ತುದಿಯಲ್ಲಿ ಆನೆ. ತೊಲೆ ಏರಿ ಇಳಿಯುತ್ತಿದ್ದರೆ ಆನೆ ವಾದ್ಯದ ತಾಳಕ್ಕೆ ಸರಿಯಾಗಿ ಸೊಂಡಿಲು ಆಡಿಸುತ್ತಿತ್ತು. ಸರ್ಕಸ್ ಎಂಬ ಹೆಸರು ಹುಟ್ಟುವುದಕ್ಕೆ 300 ವರ್ಷ ಮೊದಲೇ ತುಂಗಭದ್ರೆಯ ದಂಡೆಯಲ್ಲಿ ಅದರ ಅತ್ಯಂತ ಕಠಿಣ ಆಟವೊಂದು ನಡೆದಿತ್ತು.

ಅರಮನೆಯ ಹೊರಗೆ, ಹಳ್ಳಿಯ ಬೀದಿಯಲ್ಲಿ ಈ ವಿದ್ಯೆ ಅಲೆಮಾರಿ ಕುಟುಂಬಗಳ ಕೈಯಲ್ಲಿತ್ತು. ಕವಡೆ ಹೊಲಿದ ಜೂಲು ಹೊದಿಸಿದ ಕೋಲೆ ಬಸವ, ಪ್ರಶ್ನೆಗೆ ತಲೆಯಾಡಿಸಿ ಉತ್ತರ ಹೇಳಿ, ಜೊತೆಯ ಹಸುವಿನೊಂದಿಗೆ ರಾಮ ಸೀತೆಯರ ಮದುವೆ ಆಡಿ ಕಾಳು ಕಡಿ ಗಳಿಸುತ್ತಿತ್ತು. ಕಲಂದರರು ಕರಡಿ ಕುಣಿಸುತ್ತಿದ್ದರು, ಹಾವಾಡಿಗರು ಬುಟ್ಟಿ ತೆರೆಯುತ್ತಿದ್ದರು, ದೊಂಬರು ಹಗ್ಗದ ಮೇಲೆ ನಡೆಯುತ್ತಿದ್ದರು. ಗಂಡ, ಹೆಂಡತಿ, ಮಕ್ಕಳು, ಒಂದು ಪ್ರಾಣಿ: ಇಷ್ಟೇ ಕಂಪನಿ. ಸರ್ಕಸ್ ಈ ಬಿಡಿ ಬಿಡಿ ವಿದ್ಯೆಗಳನ್ನೆಲ್ಲ ಒಂದು ಸೂರಿನಡಿ ತಂದು ಬಾಗಿಲಲ್ಲಿ ಟಿಕೆಟ್ ಇಟ್ಟಿತು.

ಆ ಸೂರು ಬಂದದ್ದು ಇಂಗ್ಲೆಂಡಿನಿಂದ. ಸೈನ್ಯದಲ್ಲಿ ಕುದುರೆ ಸವಾರನಾಗಿದ್ದ ಫಿಲಿಪ್ ಆಸ್ಟ್ಲಿ 1768ರಲ್ಲಿ ಲಂಡನ್ನಿನಲ್ಲಿ ಕುದುರೆಯಾಟ ಆರಂಭಿಸಿದ. ಓಡುವ ಕುದುರೆಯ ಬೆನ್ನ ಮೇಲೆ ನಿಲ್ಲುವುದು ನೇರ ದಾರಿಗಿಂತ ದುಂಡಗಿನ ದಾರಿಯಲ್ಲಿ ಸುಲಭ. ಸುತ್ತುವ ವೇಗ ಹೊರಕ್ಕೆ ತಳ್ಳುತ್ತದೆ, ಸವಾರ ಒಳಕ್ಕೆ ವಾಲುತ್ತಾನೆ, ಎರಡೂ ಸರಿಹೋಗಿ ಕಾಲು ಊರಿ ನಿಲ್ಲುತ್ತದೆ. ಬೇರೆ ಬೇರೆ ಅಳತೆಗಳನ್ನು ನೋಡಿ ಅವನು ಕೊನೆಗೆ 42 ಅಡಿ ಅಗಲದ ವೃತ್ತವನ್ನು ಆರಿಸಿಕೊಂಡ. ಮುಂದೆ ಆನೆ ಬಂದರೂ ಸಿಂಹ ಬಂದರೂ ರಿಂಗ್ ಅದೇ ಅಳತೆಯಲ್ಲಿ ಉಳಿಯಿತು. ಸರ್ಕಸ್ ಹುಟ್ಟಿದ್ದು ಕುದುರೆಗಾಗಿ ಎಂಬುದಕ್ಕೆ ಆ ವೃತ್ತವೇ ಸಾಕ್ಷಿ.

ಭಾರತದಲ್ಲಿಯೂ ಕುದುರೆಯೇ ಮೊದಲು. ಕೃಷ್ಣಾ ಪಂಚಗಂಗಾ ಸಂಗಮದ ಹತ್ತಿರ, ಇಂದಿನ ಬೆಳಗಾವಿ ಜಿಲ್ಲೆಯ ಗಡಿಯಾಚೆ ಇರುವ ಕುರುಂದವಾಡ ಆಗ ಪಟವರ್ಧನ ದೊರೆಗಳ ಪುಟ್ಟ ಸಂಸ್ಥಾನ. ಅಲ್ಲಿಯ ರಾಜನ ಕುದುರೆ ಲಾಯದ ಮುಖ್ಯಸ್ಥರಾಗಿದ್ದವರು ವಿಷ್ಣುಪಂತ ಛತ್ರೆ. 1879ರಲ್ಲಿ ಇಟಲಿಯ ಜುಸೆಪ್ಪೆ ಕಿಯಾರಿನಿಯ ಸರ್ಕಸ್ ಮುಂಬೈಗೆ ಬಂದಾಗ ರಾಜನೊಂದಿಗೆ ಛತ್ರೆಯವರೂ ನೋಡಲು ಹೋದರು. ಇಂಥ ಸರ್ಕಸ್ ಕಟ್ಟುವುದು ಭಾರತೀಯರಿಂದ ಆಗದು ಎಂದು ಕಿಯಾರಿನಿ ಹೇಳಿದನೆಂದೂ, ಛತ್ರೆ ಅಲ್ಲೇ ಪಂಥ ಕಟ್ಟಿದರೆಂದೂ ಸರ್ಕಸ್ ಮಂದಿ ಇಂದಿಗೂ ಹೇಳುತ್ತಾರೆ. ಪಂಥದ ಮಾತು ಎಷ್ಟು ನಿಜವೋ, ಫಲವಂತೂ ನಿಜ. 1880ರ ಮಾರ್ಚ್ 20ರಂದು ಮುಂಬೈಯಲ್ಲಿ ‘ಗ್ರೇಟ್ ಇಂಡಿಯನ್ ಸರ್ಕಸ್’ ಮೊದಲ ಪ್ರದರ್ಶನ ಕೊಟ್ಟಿತು. ಛತ್ರೆ ಕುದುರೆಯಾಟ ಆಡಿದರು, ಅವರ ಪತ್ನಿ ತೂಗುಯ್ಯಾಲೆಯ ಆಟವನ್ನೂ ಪ್ರಾಣಿಗಳನ್ನೂ ನೋಡಿಕೊಂಡರು, ತಮ್ಮ ಕಾಶೀನಾಥಪಂತ ಕಂಪನಿಯ ಹೊಣೆಯಲ್ಲಿ ಕೈಜೋಡಿಸಿದರು. ಹತ್ತೊಂಬತ್ತನೆಯ ಶತಮಾನದ ಒಬ್ಬ ಗೃಹಿಣಿ ಸಾವಿರ ಜನರ ಮುಂದೆ ಉಯ್ಯಾಲೆಯಿಂದ ಉಯ್ಯಾಲೆಗೆ ಹಾರಿದಳೆಂಬುದು ಸಾಮಾನ್ಯ ಸಂಗತಿಯಲ್ಲ. ಸರ್ಕಸ್ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಛತ್ರೆ ಸಂಗೀತವನ್ನೂ ಬಲ್ಲವರು; ಗ್ವಾಲಿಯರ್ ಘರಾಣೆಯ ಹದ್ದು ಖಾನರ ಶಿಷ್ಯರು. ಗುರುವಿನ ಮಗ ರಹಮತ್ ಖಾನ್ ದಿಕ್ಕಿಲ್ಲದೆ ಅಲೆಯುತ್ತಿದ್ದಾಗ ಅವರನ್ನು ಕರೆತಂದು ಸಾಕಿದ್ದೂ ಈ ಸರ್ಕಸ್ಸೇ. ಡೇರೆಯ ಜೊತೆ ಊರೂರು ತಿರುಗಿದ ಆ ಮಹಾಗಾಯಕ ಕೊನೆಯ ದಿನಗಳನ್ನು ಕಳೆದದ್ದು ಕುರುಂದವಾಡದಲ್ಲಿ.

ಗಡಿಯ ಈ ಸೀಮೆಯಲ್ಲಿ, ಸಾಂಗ್ಲಿ ಮಿರಜ ಸುತ್ತಮುತ್ತ, ಛತ್ರೆಯವರ ಹಿಂದೆಯೇ ಕಾರ್ಲೇಕರ್, ದೇವಲ್ ಮುಂತಾದ ಮನೆತನಗಳ ಸರ್ಕಸ್ಸುಗಳು ಎದ್ದವು. ಕಂಪನಿಗೆ ಮನೆಯ ಹೆಸರೇ ಹೆಸರು. ಪುಣೆಯ ದಾಮು ಧೋತ್ರೆ ಎಂಬ ಹುಡುಗ ಸೋದರಮಾವ ಶೇಲಾರರ ಸರ್ಕಸ್ಸಿನಲ್ಲಿ ಬೆಳೆದು ಪ್ರಾಣಿ ಪಳಗಿಸುವುದನ್ನು ಕಲಿತ. 1940ರಲ್ಲಿ ಅಮೆರಿಕದ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ ಸೇರಿ, ಹುಲಿ, ಚಿರತೆ, ಕಪ್ಪು ಚಿರತೆಗಳನ್ನು ಒಂದೇ ಬೋನಿನಲ್ಲಿ ಆಡಿಸಿ ಹೆಸರಾದ. ಮನೆಯೊಳಗಿನ ಗುರುಕುಲ ಜಗತ್ತಿನ ಅತಿ ದೊಡ್ಡ ಡೇರೆಗೂ ಕಲಾವಿದನನ್ನು ಕೊಟ್ಟಿತು.

ಛತ್ರೆಯವರ ಡೇರೆ 1880ರ ದಶಕದ ಕೊನೆಯಲ್ಲಿ ಮಲಬಾರಿನ ತಲಶ್ಶೇರಿಗೆ ಹೋಯಿತು. ಅಲ್ಲಿಯ ಬಾಸೆಲ್ ಮಿಷನ್ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಕೀಲೇರಿ ಕುಂಞಿಕಣ್ಣನ್ ಕಳರಿಪಯಟ್ಟಿನಲ್ಲಿ ನುರಿತವರು. ಮಂಗಳೂರಿನ ಹೆಂಚಿನ ಕಾರ್ಖಾನೆ, ಮುದ್ರಣಾಲಯಗಳಿಂದ ಕನ್ನಡಿಗರಿಗೆ ಗೊತ್ತಿರುವ ಅದೇ ಬಾಸೆಲ್ ಮಿಷನ್. ಇಬ್ಬರೂ ಒಪ್ಪಂದಕ್ಕೆ ಬಂದರು: ಕುಂಞಿಕಣ್ಣನ್ ಹುಡುಗರನ್ನು ತಯಾರು ಮಾಡುವುದು, ಛತ್ರೆ ಕೆಲಸ ಕೊಡುವುದು. 1901ರಲ್ಲಿ ಕುಂಞಿಕಣ್ಣನ್ ಸರ್ಕಸ್ ಕಲಿಸುವ ಶಾಲೆಯನ್ನೇ ತೆರೆದರು. 1904ರಲ್ಲಿ ಅವರ ಶಿಷ್ಯ ಪರಿಯಾಲಿ ಕಣ್ಣನ್ ‘ಗ್ರ್ಯಾಂಡ್ ಮಲಬಾರ್ ಸರ್ಕಸ್’ ಕಟ್ಟಿದರು. ಅಲ್ಲಿಂದ ಮುಂದೆ ಸರ್ಕಸ್ಸಿನ ಮಾಲೀಕತ್ವ ಮೆಲ್ಲಗೆ ಮರಾಠಿ ಮನೆತನಗಳಿಂದ ಮಲಯಾಳಿ ಮನೆತನಗಳಿಗೆ ಸಾಗಿತು. ‘ಗ್ರೇಟ್ ಬಾಂಬೆ ಸರ್ಕಸ್’ ಇದಕ್ಕೆ ಒಳ್ಳೆಯ ನಿದರ್ಶನ. 1920ರಲ್ಲಿ ಅದನ್ನು ಕಟ್ಟಿದವರು ಬಾಬುರಾವ್ ಕದಂ. 1947ರಲ್ಲಿ ಅದು ಕೀಲೇರಿಯವರ ಸೋದರಳಿಯನ ಕೈಗೆ ಬಂತು.

ದಕ್ಷಿಣದಲ್ಲಿ ಮನೆಮಾತಾದ ಜೆಮಿನಿ ಸರ್ಕಸ್ಸೂ ಈ ಬಳ್ಳಿಯದೇ. ಸೈನ್ಯದಿಂದ ಬಿಡುಗಡೆಯಾಗಿ ಬಂದ ಎಂ. ವಿ. ಶಂಕರನ್ ಗೆಳೆಯನೊಬ್ಬನ ಜೊತೆ ಸೇರಿ, ಸೋತು ಮಲಗಿದ್ದ ವಿಜಯಾ ಸರ್ಕಸ್ಸನ್ನು 6,000 ರೂಪಾಯಿಗೆ ಕೊಂಡರು. 1951ರ ಆಗಸ್ಟ್ 15ರಂದು ಗುಜರಾತಿನ ಬಿಲಿಮೋರಾದಲ್ಲಿ ಅದು ಹೊಸ ಹೆಸರಿನಲ್ಲಿ ಆಟ ಶುರು ಮಾಡಿತು. 1977ರಲ್ಲಿ ಜಂಬೋ ಸರ್ಕಸ್ಸೂ ಇದೇ ಕುಟುಂಬದ್ದಾಯಿತು. 1970ರಲ್ಲಿ ಬಂದ ರಾಜ್ ಕಪೂರರ ‘ಮೇರಾ ನಾಮ್ ಜೋಕರ್’ ಚಿತ್ರದಲ್ಲಿ ಕಾಣುವ ಡೇರೆ ಜೆಮಿನಿಯದು. ಶಂಕರನ್ 2023ರ ಏಪ್ರಿಲ್‌ನಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು; ಕಂಪನಿ ಮಕ್ಕಳ ಕೈಗೆ ಬಂದಿದೆ.

ಡೇರೆಯೊಳಗೆ ಪ್ರಾಣಿ ಎಂದರೆ ಬಂಡವಾಳ. ಆನೆ ರಾತ್ರಿ ರಿಂಗಿನಲ್ಲಿ ಸ್ಟೂಲಿನ ಮೇಲೆ ಕೂತರೆ, ಹಗಲು ಕಂಬ ಎತ್ತುವ, ಹಗ್ಗ ಜಗ್ಗುವ, ಕೆಸರಿನಲ್ಲಿ ಹೂತ ಲಾರಿಯನ್ನು ದೂಡುವ ಕೂಲಿಯಾಳೂ ಅದೇ. ಅದಕ್ಕೆ ದಿನಕ್ಕೆ ಕ್ವಿಂಟಲ್‌ಗಟ್ಟಲೆ ಮೇವು ಬೇಕು; ಸಿಂಹಕ್ಕೆ ದಿನಕ್ಕೆ ಏಳೆಂಟು ಕಿಲೋ ಮಾಂಸ. ಜನ ಬರಲಿ ಬಿಡಲಿ, ಮಳೆ ಹಿಡಿದು ಆಟ ನಿಲ್ಲಲಿ, ಈ ಖರ್ಚು ತಪ್ಪದು. ಸಣ್ಣ ಕಂಪನಿಗಳು ಮುಳುಗಿದ್ದು ಹೆಚ್ಚಾಗಿ ಇಲ್ಲೇ, ಮತ್ತು ಕಂಪನಿ ಸೋತಾಗ ಮೊದಲು ಉಪವಾಸ ಬಿದ್ದದ್ದು ಬಾಯಿಲ್ಲದ ಜೀವಗಳೇ.

ಪಳಗಿಸುವ ವಿದ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜನ ತಿಳಿದಂತೆ ಸಿಂಹ ಚಾವಟಿಗೆ ಹೆದರಿ ಸ್ಟೂಲು ಹತ್ತುವುದಿಲ್ಲ. ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಇದನ್ನು ವಿವರಿಸಿದ್ದು ಹೀಗೆ: ಪ್ರತಿ ಕಾಡುಪ್ರಾಣಿಗೂ ತನ್ನ ಸುತ್ತ ಒಂದು ಕಾಣದ ಗೆರೆ ಇದೆ. ಮನುಷ್ಯ ಆ ಗೆರೆ ದಾಟಿದರೆ ಪ್ರಾಣಿ ಹಿಂದೆ ಸರಿಯುತ್ತದೆ. ಹಿಂದೆ ಸರಿಯಲು ಜಾಗವಿಲ್ಲದೆ ಬೋನಿನ ಸರಳಿಗೆ ಬೆನ್ನು ತಾಗಿದಾಗ ತಿರುಗಿ ಮುಂದೆ ನುಗ್ಗುತ್ತದೆ. ತರಬೇತುದಾರ ತನಗೂ ಸಿಂಹಕ್ಕೂ ನಡುವೆ ಸ್ಟೂಲು ಇಟ್ಟಿರುತ್ತಾನೆ. ಮೈಮೇಲೆ ಬರುವ ಸಿಂಹ ಸ್ಟೂಲು ಏರುತ್ತದೆ; ಅದೇ ಗಳಿಗೆಗೆ ಅವನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ಗೆರೆಯಾಚೆ ಹೋಗುತ್ತಾನೆ. ದಾಳಿಯ ಕಾರಣ ಇಲ್ಲವಾಗಿ ಸಿಂಹ ಅಲ್ಲೇ ನಿಲ್ಲುತ್ತದೆ. ಇದನ್ನು ನೂರಾರು ಸಲ ಮಾಡಿದರೆ ಅದೊಂದು ಆಟವಾಗುತ್ತದೆ. ಹ್ಯಾಂಬರ್ಗಿನ ಕಾರ್ಲ್ ಹಾಗೆನ್‌ಬೆಕ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆ, ಬಾರುಕೋಲು ಬಿಟ್ಟು ಮಾಂಸದ ತುಣುಕಿನ ಆಸೆ ತೋರಿಸಿ ಕಲಿಸುವ ಕ್ರಮವನ್ನು ಬಳಕೆಗೆ ತಂದ. ಆದರೆ ಯಾವ ಕ್ರಮದಲ್ಲಿ ಕಲಿಸಿದರೂ, ಆಟದ ಹತ್ತು ನಿಮಿಷ ಬಿಟ್ಟರೆ ಉಳಿದ ದಿನವೆಲ್ಲ ಪ್ರಾಣಿ ಕಳೆಯುತ್ತಿದ್ದದ್ದು ಮೈ ತಿರುಗಿಸಲೂ ಸಾಲದ ಗಾಲಿ ಬೋನಿನಲ್ಲಿ. ಪ್ರೀತಿಯಿಂದ ಸಾಕಿದ ಮಾಲೀಕರು ಇದ್ದರೆಂಬುದು ನಿಜ. ಬೋನಿನ ಅಳತೆಯನ್ನು ಪ್ರೀತಿ ದೊಡ್ಡದು ಮಾಡಲಾರದು.

ಮನುಷ್ಯರ ಸುರಕ್ಷತೆಯ ಪ್ರಶ್ನೆ ಕರ್ನಾಟಕದಲ್ಲಿ ಅತ್ಯಂತ ಘೋರವಾಗಿ ಎದ್ದದ್ದು 1981ರ ಫೆಬ್ರವರಿ 7ರಂದು. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು, ಕಾಲ್ತುಳಿತವೂ ಸೇರಿ 92 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಕ್ಯಾನ್ವಾಸ್ ಡೇರೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂದು 1944ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ಬೆಂಕಿಯಲ್ಲೇ ಜಗತ್ತು ಕಂಡಿತ್ತು. ಅಲ್ಲಿ ಮಳೆನೀರು ಇಳಿಯದಿರಲೆಂದು ಬಟ್ಟೆಗೆ ಬಳಿದಿದ್ದ ಮೇಣವೇ ಉರಿಯನ್ನು ಹಬ್ಬಿಸಿತ್ತು. ಬೆಂಗಳೂರಿನ ದುರಂತದ ನೆನಪು ನಾಡಿನ ಒಂದು ಇಡೀ ತಲೆಮಾರಿನ ತಂದೆತಾಯಿಗಳನ್ನು ಕಾಡಿತು.

ಪ್ರಾಣಿಗಳ ಪರ ಕಾನೂನು ನಿಧಾನವಾಗಿ ಬಂತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ, ಸರ್ಕಾರ ಹೆಸರಿಸಿದ ಪ್ರಾಣಿಯನ್ನು ಪ್ರದರ್ಶನಕ್ಕೆ ಬಳಸಬಾರದೆಂಬ ವಿಧಿ ಇತ್ತು. ಮೂವತ್ತು ವರ್ಷ ಆ ವಿಧಿ ಪುಸ್ತಕದಲ್ಲೇ ಮಲಗಿತ್ತು. 1991ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ನಾಯಿಗಳನ್ನು ಆಡಿಸುವುದನ್ನು ನಿಷೇಧಿಸಿತು. ಸರ್ಕಸ್ ಮಾಲೀಕರ ಒಕ್ಕೂಟ ದೆಹಲಿ ಹೈಕೋರ್ಟಿಗೆ ಹೋಯಿತು. ಮರುಪರಿಶೀಲನೆ ನಡೆದು 1998ರ ಅಕ್ಟೋಬರ್ 14ರಂದು ಹೊಸ ಅಧಿಸೂಚನೆ ಬಂದಾಗ ನಾಯಿ ಪಟ್ಟಿಯಿಂದ ಹೊರಗೆ ಹೋಗಿತ್ತು, ಸಿಂಹ ಒಳಗೆ ಬಂದಿತ್ತು. ಕಾಡುಪ್ರಾಣಿಗಳಿಲ್ಲದೆ ಸರ್ಕಸ್ ಬದುಕದು, ಇದು ಸಂವಿಧಾನ ಕೊಟ್ಟ ವೃತ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬುದು ಮಾಲೀಕರ ವಾದ. 2000ದ ಜೂನ್‌ನಲ್ಲಿ ಕೇರಳ ಹೈಕೋರ್ಟ್, 2001ರ ಮೇ 1ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿದವು. ಸರ್ಕಸ್ಸಿನ ತವರಾದ ಕೇರಳದಲ್ಲೇ ಆ ತೀರ್ಪು ಮೊದಲು ಬಂದದ್ದು ಗಮನಿಸುವಂಥದ್ದು.

ಡೇರೆಯಿಂದ ಹೊರಬಿದ್ದ ಪ್ರಾಣಿಗಳಿಗೆ ಕೇಂದ್ರ ಮೃಗಾಲಯ ಪ್ರಾಧಿಕಾರ ಪುನರ್ವಸತಿ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲಿ ಒಂದು ಬನ್ನೇರುಘಟ್ಟ. ಅಲ್ಲಿಗೆ ಬಂದ ಸಿಂಹಗಳಲ್ಲಿ ಬಹಳಷ್ಟು ಏಷ್ಯಾ ಮತ್ತು ಆಫ್ರಿಕಾದ ಸಿಂಹಗಳ ಮಿಶ್ರತಳಿ. ಸರ್ಕಸ್ಸಿನೊಳಗೇ ಮರಿಹಾಕಿ ಮರಿಹಾಕಿ ಹುಟ್ಟಿದವು. ಅವನ್ನು ಕಾಡಿಗೆ ಬಿಡುವಂತಿಲ್ಲ, ಗಿರ್ ಅರಣ್ಯದ ಶುದ್ಧ ತಳಿಯ ಜೊತೆ ಬೆರೆಸುವಂತಿಲ್ಲ. ಆದ್ದರಿಂದ ಸಂತಾನ ಬೆಳೆಯದಂತೆ ನೋಡಿಕೊಂಡು, ಕೊನೆಯುಸಿರಿನವರೆಗೆ ಸಾಕುವುದೆಂದು ತೀರ್ಮಾನವಾಯಿತು. ಮುಂದಿನ ವರ್ಷಗಳಲ್ಲಿ ಆನೆಗಳನ್ನು ಇಟ್ಟುಕೊಳ್ಳಲು ಸರ್ಕಸ್ಸುಗಳಿಗಿದ್ದ ಮಾನ್ಯತೆಯನ್ನೂ ಪ್ರಾಧಿಕಾರ ಹಿಂಪಡೆಯಿತು.

ಬೀದಿಯ ಕರಡಿಯಾಟವೂ ಇದೇ ಕಾಲದಲ್ಲಿ ಮುಗಿಯಿತು. 1972ರ ವನ್ಯಜೀವಿ ಕಾಯ್ದೆ ಅದನ್ನು ನಿಷೇಧಿಸಿದ್ದರೂ ಕಲಂದರ ಕುಟುಂಬಗಳಿಗೆ ಬೇರೆ ಅನ್ನದ ದಾರಿ ತೋರಿಸುವ ತನಕ ಆಟ ನಿಂತಿರಲಿಲ್ಲ. ಮೂಗಿಗೆ ಹಗ್ಗ ಪೋಣಿಸಿದ್ದ ಕರಡಿಗಳನ್ನು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಒಂದೊಂದಾಗಿ ಬಿಡಿಸಿಕೊಂಡು, ಬದಲಿಗೆ ಆ ಕುಟುಂಬಗಳಿಗೆ ಬೇರೆ ಕಸುಬಿಗೆ ನೆರವು, ಮಕ್ಕಳಿಗೆ ಶಾಲೆ ಒದಗಿಸಿತು. ದೇಶದ ಕೊನೆಯ ಕುಣಿಯುವ ಕರಡಿ ಎನಿಸಿದ ‘ರಾಜು’ 2009ರ ಡಿಸೆಂಬರ್‌ನಲ್ಲಿ ಬನ್ನೇರುಘಟ್ಟ ಸೇರಿತು. ಪ್ರಾಣಿಯನ್ನು ಬಿಡಿಸುವುದರ ಜೊತೆ ಮನುಷ್ಯನಿಗೆ ದಾರಿ ಕೊಡುವುದೇ ಸರಿಯಾದ ಕ್ರಮ. ಡೇರೆಯ ಕುಟುಂಬಗಳ ವಿಷಯದಲ್ಲಿ ಹಾಗೆ ಆಗಲಿಲ್ಲ. 2001ರ ತೀರ್ಪಿನಿಂದ ಹುಲಿ ಸಿಂಹಗಳು ಹೋದವು. 2011ರ ಏಪ್ರಿಲ್‌ನಲ್ಲಿ ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿತು. ಎರಡೂ ನ್ಯಾಯವಾದ ತೀರ್ಪುಗಳೇ. ಆದರೆ ಎಳವೆಯಲ್ಲೇ ಮೈ ಬಗ್ಗಿಸಿ ಕಲಿಯುತ್ತಿದ್ದ ವಿದ್ಯೆಗೆ ಬೇರೆ ಶಾಲೆಯ ಏರ್ಪಾಡು ಗಟ್ಟಿಯಾಗಿ ನಿಲ್ಲಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಡೇರೆಗಳು ನಿಂತಲ್ಲೇ ನಿಂತವು, ಕೆಲವು ಮತ್ತೆ ಏಳಲೇ ಇಲ್ಲ.

ಶಿಕಾರಿಪುರ, ಸೊರಬದಲ್ಲಿ ಇಂದು ಜನಸಾಗರದ ನಡುವೆ ಕಾಣುವ ಪ್ರಾಣಿ ಒಂದೇ, ಹೋರಿ. ದೀಪಾವಳಿ ಮುಗಿಯುತ್ತಲೇ ಹಳ್ಳಿಹಳ್ಳಿಯಲ್ಲಿ ಹೋರಿ ಬೆದರಿಸುವ ಹಬ್ಬ. ಬಲೂನು ಕಟ್ಟಿದ ಎತ್ತರದ ಕೋಲು ಹೊತ್ತ ಪೀಪಿ ಹೋರಿ, ಕೊರಳ ತುಂಬ ಒಣಕೊಬ್ಬರಿ ಸರ ತೊಟ್ಟ ಕೊಬ್ಬರಿ ಹೋರಿ ಅಖಾಡದಲ್ಲಿ ಓಡುತ್ತವೆ, ಯುವಕರು ಕೊಬ್ಬರಿ ಕೀಳಲು ಮುಗಿಬೀಳುತ್ತಾರೆ. ಮನೆಮಂದಿಯೆಲ್ಲ ಸೇರಿ ಸಾಕಿದ ಹೋರಿಯನ್ನು ಗಾಡಿಗೆ ಹತ್ತಿಸಿ ಊರಿಂದ ಊರಿಗೆ ಒಯ್ಯುತ್ತಾರೆ. ಹೋರಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ. 2014ರಲ್ಲಿ ಜಲ್ಲಿಕಟ್ಟು ನಿಷೇಧಿಸಿದ ಸುಪ್ರೀಂ ಕೋರ್ಟ್, ಕಂಬಳ ಮತ್ತು ಎತ್ತಿನ ಓಟಕ್ಕಾಗಿ ಕರ್ನಾಟಕ ತಂದ 2017ರ ತಿದ್ದುಪಡಿಯನ್ನು 2023ರ ಮೇ 18ರಂದು ಎತ್ತಿಹಿಡಿಯಿತು. ಸಂಸ್ಕೃತಿಯ ಹೆಸರಿನಲ್ಲಿ ಆಟ ಉಳಿದಿದೆ. ಹೋರಿ ತಿವಿದು ಜನ ಸಾಯುವುದೂ ಈ ತಾಲ್ಲೂಕುಗಳಲ್ಲಿ ನಿಂತಿಲ್ಲ. ಸರ್ಕಸ್ಸಿನ ಸಿಂಹಕ್ಕೆ ಕೇಳಿದ ಪ್ರಶ್ನೆಯನ್ನು ಅಖಾಡದ ಹೋರಿಗೂ, ಅದರ ಮುಂದೆ ನಿಲ್ಲುವ ಹುಡುಗರಿಗೂ ಕೇಳಲೇಬೇಕು: ಗ್ಯಾಲರಿ ಗಟ್ಟಿಯಿದೆಯೇ, ಓಡುವ ದಾರಿ ತೆರವಿದೆಯೇ, ಸ್ಥಳದಲ್ಲಿ ಪಶುವೈದ್ಯರಿದ್ದಾರೆಯೇ, ಆಂಬುಲೆನ್ಸ್ ಇದೆಯೇ?

ಡೇರೆ ಪ್ರಾಣಿಯಿಲ್ಲದೆಯೂ ನಿಲ್ಲಬಲ್ಲದು ಎಂಬುದಕ್ಕೆ ಹೊರಗೆ ದಾಖಲೆಯಿದೆ. ಜರ್ಮನಿಯ ರೊಂಕಾಲಿ ಸರ್ಕಸ್ ರಿಂಗಿನಲ್ಲಿ ಬೆಳಕಿನಿಂದ ಮೂಡಿಸಿದ ಆನೆ, ಕುದುರೆಗಳನ್ನು ತೋರಿಸುತ್ತಿದೆ. 2017ರಲ್ಲಿ ಬಾಗಿಲು ಮುಚ್ಚಿದ ರಿಂಗ್ಲಿಂಗ್ 2023ರಲ್ಲಿ ಪ್ರಾಣಿಗಳನ್ನು ಬಿಟ್ಟು ಮರಳಿ ಬಂತು. ಕೇರಳ ಸರ್ಕಾರ ವಯಸ್ಸಾದ ಸರ್ಕಸ್ ಕಲಾವಿದರಿಗೆ ಪಿಂಚಣಿ ಕೊಡುತ್ತದೆ. ಇಲ್ಲಿಯ ಜಾತ್ರೆಗಳಿಗೆ ಬರುವ ಸಣ್ಣ ಕಂಪನಿಗಳಿಗೆ ಬೇಕಾದದ್ದು ಇನ್ನೂ ಕಡಿಮೆ: ಡೇರೆ ಹಾಕಲು ಕಡಿಮೆ ಬಾಡಿಗೆಯ ಬಯಲು, ನೀರು, ವಿದ್ಯುತ್, ಬೆಂಕಿ ತಡೆಯುವ ವ್ಯವಸ್ಥೆಯ ತಪಾಸಣೆ. ಇದಿಷ್ಟನ್ನು ಪುರಸಭೆಗಳು ಮಾಡಬಹುದು. ಮುಂದಿನ ಜಾತ್ರೆಯಲ್ಲಿ ಡೇರೆ ಕಂಡರೆ ಓದುಗರು ಮಕ್ಕಳನ್ನು ಕರೆದುಕೊಂಡು, ಟಿಕೆಟ್ ಕೊಂಡು ಒಳಗೆ ಹೋಗಬೇಕು. ಹಗ್ಗದ ಮೇಲೆ ನಡೆಯುವ, ಉಯ್ಯಾಲೆಯಿಂದ ಹಾರುವ ಆ ಜನಕ್ಕೆ ಬೇರೆ ಆದಾಯವಿಲ್ಲ.